ಕೈಫೋನು ಮೂಕವಾದಾಗ

ಮನೆಯಲ್ಲಿ ಒಂದು ಯಂತ್ರ ಕೆಟ್ಟರೆ ಸಾಮಾನ್ಯವಾಗಿ ಅದು ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತದೆ. ಮಿಕ್ಸರು ಗುರುಗುಟ್ಟುತ್ತದೆ, ದೀಪ ಆರಿಹೋಗುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ. ಕೈಫೋನಿನ ಮೈಕ್ರೊಫೋನಿನ ರೀತಿಯೇ ಬೇರೆ. ಅದು ಕೆಟ್ಟಿದ್ದು ಫೋನನ್ನು ಹಿಡಿದವರಿಗೆ ಗೊತ್ತಾಗುವುದೇ ಇಲ್ಲ. ಗಂಟೆ ಎಂದಿನಂತೆ ಬಾರಿಸುತ್ತದೆ, ಪರದೆ ಬೆಳಗುತ್ತದೆ, ಆ ಕಡೆಯವರ ದನಿ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಆ ಕಡೆಯವರು ಮಾತ್ರ ನಾಲ್ಕು ಬಾರಿ “ಹಲೋ, ಹಲೋ” ಎಂದು ಕೂಗಿ ಕರೆಯನ್ನು ಕತ್ತರಿಸಿಬಿಡುತ್ತಾರೆ. ಮಗ ತನ್ನ ಮಾತನ್ನು ಕೇಳಲಿಲ್ಲವೆಂದು ಇಲ್ಲಿ ತಾಯಿ ನೊಂದುಕೊಳ್ಳುತ್ತಾಳೆ. ಫೋನೆತ್ತಿಯೂ ತಾಯಿ ಮಾತಾಡುತ್ತಿಲ್ಲ, ಏನಾಯಿತೋ ಎಂದು ದೂರದ ಊರಿನಲ್ಲಿ ಮಗ ಗಾಬರಿಗೊಳ್ಳುತ್ತಾನೆ. ಇದರಿಂದಾಗುವ ಮನಸ್ತಾಪವನ್ನು ಹಾಸ್ಯವೆಂದು ಬಿಡಬಹುದು. ಆದರೆ ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಿ ಅಪರಾತ್ರಿ ೧೧೨ಕ್ಕೆ ಕರೆ ಮಾಡಬೇಕಾಗಿ ಬಂದು, ಆಗ ಫೋನು ಮೂಕವಾಗಿದ್ದರೆ ಅದು ಹಾಸ್ಯದ ಮಾತಲ್ಲ.

ಹೀಗಾದಾಗ ಮನೆಮಂದಿ ಮೊದಲು ಕೈಹಾಕುವ ಚಿಕಿತ್ಸೆಗಳು ಮೂರು. ಹಿರಿಯರು ಫೋನನ್ನು ಅಂಗೈಗೆ ಬಡಿಯುತ್ತಾರೆ. ಮಧ್ಯವಯಸ್ಕರು ಗುಂಡುಸೂಜಿಯನ್ನು ಹುಡುಕುತ್ತಾರೆ. ಕಿರಿಯರು ಫೋನಿನೊಳಗಿರುವುದನ್ನೆಲ್ಲ ಅಳಿಸಿ ಅದನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯಲು ಹೊರಡುತ್ತಾರೆ. ಮೂರರಲ್ಲಿ ಎರಡು ಹಾನಿಕರ, ಒಂದು ನಿರರ್ಥಕ. ವಿಚಿತ್ರವೆಂದರೆ ಆ ನಿರರ್ಥಕವಾದದ್ದಕ್ಕೇ ಹಿಂದೊಮ್ಮೆ ಒಳ್ಳೆಯ ಶಾಸ್ತ್ರಾಧಾರವಿತ್ತು.

ಹಿಂದೆ ಮೇಜಿನ ಮೇಲೆ ಕುಳಿತಿರುತ್ತಿದ್ದ ಕರಿಯ ಟೆಲಿಫೋನನ್ನು ಬಲ್ಲವರಿಗೆ ಅದರ ಬಾಯಿಯ ಭಾಗವನ್ನು ಎರಡು ಸಲ ತಟ್ಟಿ ಮಾತಾಡುವ ಅಭ್ಯಾಸ ನೆನಪಿರಬೇಕು. ಆ ಬಾಯಿಯೊಳಗೆ ಒಂದು ಚಿಕ್ಕ ಬಿಲ್ಲೆಯಂತಹ ಡಬ್ಬಿ, ಡಬ್ಬಿಯೊಳಗೆ ಇಂಗಾಲದ ಸಣ್ಣ ಹರಳುಗಳು. ಮಾತಿನ ಅಲೆ ಮುಂದಿನ ತೆಳುತಗಡನ್ನು ಒತ್ತಿದಾಗ ಹರಳುಗಳು ಒಂದಕ್ಕೊಂದು ಬಿಗಿಯಾಗುತ್ತಿದ್ದವು, ಬಿಟ್ಟಾಗ ಸಡಿಲವಾಗುತ್ತಿದ್ದವು. ಹರಳುಗಳ ಮೂಲಕ ಹರಿಯುವ ವಿದ್ಯುತ್ತು ಅದಕ್ಕೆ ತಕ್ಕಂತೆ ಏರಿ ಇಳಿದು ಮಾತಿನ ರೂಪವನ್ನು ತಾಳುತ್ತಿತ್ತು. ಎಡಿಸನ್ ೧೮೭೭ರಿಂದ ಮುಂದಕ್ಕೆ ದುಡಿದು ತಿದ್ದಿದ ಈ ಉಪಾಯ ಸುಮಾರು ನೂರು ವರ್ಷ ಲೋಕದ ಟೆಲಿಫೋನುಗಳನ್ನು ನಡೆಸಿತು. ಅದಕ್ಕಿದ್ದ ರೋಗವೊಂದೇ: ತೇವದಿಂದಲೋ ಬಹುಕಾಲ ಅಲುಗಾಡದೆ ಇದ್ದುದರಿಂದಲೋ ಹರಳುಗಳು ಗಟ್ಟಿಯಾಗಿ ಕಚ್ಚಿಕೊಂಡುಬಿಡುತ್ತಿದ್ದವು. ತಟ್ಟಿದರೆ ಸಡಿಲವಾಗುತ್ತಿದ್ದವು. ಆದ್ದರಿಂದ ಅಜ್ಜ ಫೋನನ್ನು ತಟ್ಟಿದ್ದು ಅಜ್ಞಾನದಿಂದಲ್ಲ. ಇಂದಿನ ಫೋನಿನಲ್ಲಿ ತಟ್ಟಿ ಸಡಿಲಿಸಲು ಹರಳೇ ಇಲ್ಲ. ಬಡಿದರೆ ಗಾಜು ಒಡೆಯಬಹುದು, ಅಷ್ಟೇ.

೧೯೬೨ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಹೊಸ ಮಾರ್ಗವನ್ನು ಕಂಡರು. ವಿದ್ಯುದಾವೇಶವನ್ನು ತನ್ನಲ್ಲೇ ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುವ ತೆಳುವಾದ ಹಾಳೆಯಿಂದ ಅವರು ಅಗ್ಗವೂ ಚಿಕ್ಕದೂ ಆದ ಮೈಕ್ರೊಫೋನನ್ನು ಮಾಡಿದರು. ಟೇಪ್‌ರೆಕಾರ್ಡರುಗಳಲ್ಲಿಯೂ ಮೊದಮೊದಲ ಕೈಫೋನುಗಳಲ್ಲಿಯೂ ನೆಲೆಸಿದ್ದು ಅದೇ. ಇಂದಿನ ಸ್ಮಾರ್ಟ್‌ಫೋನಿನಲ್ಲಿರುವುದು ಅದರ ಮುಂದಿನ ಪೀಳಿಗೆ. ಕಂಪ್ಯೂಟರಿನ ಚಿಪ್ಪುಗಳನ್ನು ಕೊರೆಯುವ ವಿಧಾನದಿಂದಲೇ ಸಿಲಿಕಾನ್ ಬಿಲ್ಲೆಯಲ್ಲಿ ಕೊರೆದ ಒಂದು ಪೊರೆ. ಅದರ ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸು. ಅದರ ಬೆನ್ನಿಗೆ ಕೂದಲೆಳೆಗಿಂತ ಕಿರಿದಾದ ಅಂತರದಲ್ಲಿ ಸಣ್ಣ ಸಣ್ಣ ತೂತುಗಳುಳ್ಳ ಇನ್ನೊಂದು ಫಲಕ. ಮಾತಿಗೆ ಪೊರೆ ನಡುಗಿದಾಗ ಇವೆರಡರ ಅಂತರ ಹೆಚ್ಚು ಕಡಿಮೆಯಾಗುತ್ತದೆ. ಪಕ್ಕದಲ್ಲಿರುವ ಪುಟ್ಟ ಚಿಪ್ಪು ಆ ವ್ಯತ್ಯಾಸವನ್ನು ವಿದ್ಯುತ್ಸಂಕೇತವನ್ನಾಗಿ ಮಾಡಿ ಕಳುಹಿಸುತ್ತದೆ. ಪೊರೆ, ಫಲಕ, ಚಿಪ್ಪು ಎಲ್ಲ ಸೇರಿ ಅಕ್ಕಿಯ ಕಾಳಿನಷ್ಟು ದೊಡ್ಡದು. ಇಂತಹ ವಸ್ತುವಿನ ಬಾಗಿಲಿಗೆ ಗುಂಡುಸೂಜಿಯನ್ನು ಚುಚ್ಚುವುದೆಂದರೆ ಕಿವಿ ಕೇಳದವನ ಕಿವಿಗೆ ದಬ್ಬಳವನ್ನು ಹಾಕಿದಂತೆ.

ಸೂಜಿಯ ಅಪಾಯವನ್ನು ಹೇಳುವಾಗ ಒಂದು ನ್ಯಾಯವನ್ನೂ ಹೇಳಬೇಕು. ಕೆಲವು ಫೋನುಗಳಲ್ಲಿ ರಂಧ್ರದಿಂದ ಮೈಕ್ರೊಫೋನಿಗೆ ಹೋಗುವ ದಾರಿ ಸೊಟ್ಟಗಿರುವುದರಿಂದ ಸೂಜಿ ಪೊರೆಯನ್ನು ನೇರವಾಗಿ ಮುಟ್ಟದು. ಆದರೂ ದಾರಿಯಲ್ಲಿರುವ ಧೂಳುಬಲೆಯನ್ನೋ ನೀರನ್ನು ತಡೆಯುವ ಹಾಳೆಯನ್ನೋ ಹರಿದುಬಿಡಬಲ್ಲದು. ಸಿಮ್ ಕಾರ್ಡಿನ ತಟ್ಟೆಯನ್ನು ಹೊರತೆಗೆಯಲು ಪೆಟ್ಟಿಗೆಯಲ್ಲಿ ಕೊಡುವ ಪಿನ್ನನ್ನು ಅವಸರದಲ್ಲಿ ಮೈಕ್ರೊಫೋನಿನ ರಂಧ್ರಕ್ಕೆ ತೂರಿಸಿ, ತಟ್ಟೆ ಏಕೆ ಹೊರಬರುತ್ತಿಲ್ಲವೆಂದು ಇನ್ನಷ್ಟು ಒತ್ತುವವರುಂಟು. ತಟ್ಟೆಯ ಗೆರೆ ಸುತ್ತಲೂ ಕಾಣುವ ಕಡೆಯಲ್ಲಿರುವ ರಂಧ್ರವೇ ಪಿನ್ನಿನದು. ಗೆರೆಯಿಲ್ಲದೆ ಒಂಟಿಯಾಗಿರುವುದು ಬಹುಮಟ್ಟಿಗೆ ಮೈಕ್ರೊಫೋನಿನದು.

ಫೋನಿಗೆ ಒಂದೇ ಮೈಕ್ರೊಫೋನ್ ಇದೆಯೆಂಬುದು ಹಲವರ ನಂಬಿಕೆ. ರೋಗವನ್ನು ಕಂಡುಹಿಡಿಯುವುದು ಕಷ್ಟವೆನಿಸುವುದಕ್ಕೆ ಈ ನಂಬಿಕೆಯೇ ಕಾರಣ. ಇಂದಿನ ಫೋನುಗಳಲ್ಲಿ ಎರಡು, ಮೂರು, ಕೆಲವದರಲ್ಲಿ ನಾಲ್ಕು ಮೈಕ್ರೊಫೋನುಗಳಿರುತ್ತವೆ. ಕೆಳಅಂಚಿನಲ್ಲಿ ಚಾರ್ಜ್ ಮಾಡುವ ತೂತಿನ ಪಕ್ಕದಲ್ಲಿರುವುದು ಮುಖ್ಯವಾದದ್ದು. ಫೋನನ್ನು ಕಿವಿಗೆ ಹಿಡಿದು ಆಡಿದ ಮಾತು ಸೇರುವುದು ಅಲ್ಲಿಗೆ. ಮೇಲಂಚಿನಲ್ಲಿ ಅಥವಾ ಕಿವಿಯ ಜಾಲರಿಯ ಹತ್ತಿರ ಮತ್ತೊಂದು. ಹಿಂಭಾಗದ ಕ್ಯಾಮರಾದ ನೆರೆಯಲ್ಲಿ ಇನ್ನೊಂದು ಇರುವುದುಂಟು. ಮೇಲಿನದರ ಕೆಲಸ ಸ್ವಾರಸ್ಯವಾದದ್ದು: ಅದು ಸುತ್ತಲಿನ ಗದ್ದಲವನ್ನು ಹೆಚ್ಚಾಗಿಯೂ ಮಾತನ್ನು ಕಡಿಮೆಯಾಗಿಯೂ ಕೇಳಿಸಿಕೊಳ್ಳುತ್ತದೆ, ಫೋನು ಎರಡನ್ನೂ ಹೋಲಿಸಿ, ಗದ್ದಲವನ್ನು ಕಳೆದು, ಉಳಿದ ಮಾತನ್ನು ಮಾತ್ರ ಕಳುಹಿಸುತ್ತದೆ. ಆದ್ದರಿಂದ ಮೇಲಿನ ರಂಧ್ರ ಮುಚ್ಚಿಹೋದರೂ ಲೆಕ್ಕ ತಪ್ಪಿ, ಮಾತು ಬಾವಿಯೊಳಗಿಂದ ಬಂದಂತೆಯೋ ಅಲ್ಲಲ್ಲಿ ಕಡಿದಂತೆಯೋ ಕೇಳಿಸಬಹುದು. ಇನ್ನೊಂದು ಮಾತು. ಆ್ಯಪಲ್ ಕಂಪನಿಯ ಅನೇಕ ಫೋನುಗಳ ಕೆಳಅಂಚಿನಲ್ಲಿ ಎರಡು ಕಡೆಯೂ ತೂತುಗಳ ಸಾಲು ಇರುತ್ತದೆ. ಒಂದರ ಹಿಂದೆ ಸ್ಪೀಕರು, ಮತ್ತೊಂದರ ಹಿಂದೆ ಇರುವುದು ಮೈಕ್ರೊಫೋನ್. ಒಂದೇ ಕಡೆಯಿಂದ ಹಾಡು ಕೇಳುತ್ತದೆ, ಇನ್ನೊಂದು ಸ್ಪೀಕರು ಸತ್ತಿದೆ ಎಂದು ಮೌನವಾದ ಕಡೆಯನ್ನು ಕೆದಕಲು ಹೊರಡುವವರು ಒಳ್ಳೆಯ ಮೈಕ್ರೊಫೋನನ್ನೇ ಕೆದಕುತ್ತಿರುತ್ತಾರೆ.

ಮೈಕ್ರೊಫೋನುಗಳು ಹಲವಿರುವುದರಿಂದ ಒಂದು ಲಾಭವೂ ಉಂಟು. ಯಾವುದು ಕೆಟ್ಟಿದೆಯೆಂಬುದನ್ನು ಯಾವ ಉಪಕರಣವೂ ಇಲ್ಲದೆ ಮನೆಯಲ್ಲಿ ಕುಳಿತೇ ತಿಳಿಯಬಹುದು.

ಮೊತ್ತಮೊದಲು ಬೇರೆ ಬೇರೆ ಇಬ್ಬರಿಗೆ ಕರೆ ಮಾಡತಕ್ಕದ್ದು. ಒಬ್ಬರಿಗೆ ಕೇಳಿಸಿ ಇನ್ನೊಬ್ಬರಿಗೆ ಕೇಳಿಸದಿದ್ದರೆ ರೋಗ ಆ ಇನ್ನೊಬ್ಬರ ಫೋನಿನದು; ಅವರ ಕಿವಿಜಾಲರಿಗೆ ಧೂಳು ತುಂಬಿರಬಹುದು. ಇಬ್ಬರಿಗೂ ಕೇಳಿಸದಿದ್ದರೆ, ಫೋನಿನಲ್ಲಿಯೇ ಇರುವ ಧ್ವನಿಮುದ್ರಣದ ಆ್ಯಪನ್ನು ತೆರೆದು, ಫೋನಿನ ಕೆಳಭಾಗವನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿಟ್ಟು ಹತ್ತು ಎಣಿಸಿ, ಮತ್ತೆ ಕೇಳಬೇಕು. ಬಳಿಕ ಮುಂದಿನ ಕ್ಯಾಮರಾದಿಂದ ಒಂದು, ಹಿಂದಿನ ಕ್ಯಾಮರಾದಿಂದ ಒಂದು ಕಿರುವೀಡಿಯೊ ತೆಗೆದು ಅವುಗಳಲ್ಲಿಯೂ ದನಿ ಬಂದಿದೆಯೇ ಎಂದು ನೋಡಬೇಕು. ಕೊನೆಗೆ ಸಾಧಾರಣವಾಗಿ ಒಂದು ಕರೆ, ಸ್ಪೀಕರನ್ನು ಹಾಕಿ ಒಂದು ಕರೆ. ಇಷ್ಟಕ್ಕೆ ಐದು ನಿಮಿಷ ಸಾಕು. ಸ್ಪೀಕರು ಹಾಕಿದಾಗ ಮಾತು ಹೋಗಿ, ಕಿವಿಗೆ ಹಿಡಿದಾಗ ಹೋಗದಿದ್ದರೆ ಕೆಳಗಿನ ಮೈಕ್ರೊಫೋನಿನ ಮೇಲೆ ಸಂಶಯ. ಏಕೆಂದರೆ ಸ್ಪೀಕರು ಹಾಕಿದಾಗ ಅನೇಕ ಫೋನುಗಳು ಬೇರೆಯ ಮೈಕ್ರೊಫೋನಿನ ಸಹಾಯವನ್ನು ಪಡೆಯುತ್ತವೆ. ವೀಡಿಯೊಗಳಲ್ಲಿ ದನಿಯಿದ್ದು ಮುದ್ರಣದಲ್ಲಿ ಮಾತ್ರ ಇಲ್ಲದಿದ್ದರೂ ಹಾಗೆಯೇ. ಮುದ್ರಣ, ವೀಡಿಯೊ ಎಲ್ಲ ಚೆನ್ನಾಗಿದ್ದು ಕರೆಯಲ್ಲಿ ಮಾತ್ರ ಮೂಕವಾದರೆ ಮೈಕ್ರೊಫೋನುಗಳು ನಿರಪರಾಧಿಗಳು. ದೋಷ ಜಾಲದಲ್ಲೋ ಕರೆಯ ಏರ್ಪಾಡಿನಲ್ಲೋ ಇದೆ. ವಾಟ್ಸಾಪಿನಲ್ಲಿ ಮಾತ್ರ ದನಿಯಿಲ್ಲ, ಉಳಿದೆಲ್ಲೆಡೆ ಇದೆಯೆಂದರೆ ವಾಟ್ಸಾಪಿಗೆ ಅನುಮತಿ ತಪ್ಪಿದೆ ಎಂದರ್ಥ. ಎಲ್ಲೆಡೆಯೂ ಮೌನವೇ ಆದರೆ ಮುಂದಿನ ವಿಚಾರಗಳನ್ನು ನೋಡಬೇಕು. ಎಲ್ಲ ಮೈಕ್ರೊಫೋನುಗಳೂ ಒಂದೇ ದಿನ ಸಾಯುವುದು ಅಪರೂಪ. ಆದುದರಿಂದ ಸಂಪೂರ್ಣ ಮೌನವನ್ನು ಕಂಡು ಎದೆಗುಂದುವ ಬದಲು ಧೈರ್ಯ ತಂದುಕೊಳ್ಳುವುದೇ ಸರಿ.

ಸಂಪೂರ್ಣ ಮೌನಕ್ಕೆ ಬಹು ಸಾಮಾನ್ಯವಾದ ಕಾರಣ ಬ್ಲೂಟೂತ್. ಮಗಳ ಇಯರ್‌ಬಡ್ಡುಗಳನ್ನು ಒಮ್ಮೆ ತಾಯಿಯ ಫೋನಿಗೆ ಜೋಡಿಸಿರುತ್ತಾರೆ. ಪಕ್ಕದ ಕೋಣೆಯಲ್ಲಿ ಮಗಳು ಅವುಗಳ ಡಬ್ಬಿಯನ್ನು ತೆರೆದೊಡನೆ ಅವು ಹಳೆಯ ಸ್ನೇಹವನ್ನು ನೆನಸಿಕೊಂಡು ತಾಯಿಯ ಫೋನಿಗೆ ಅಂಟಿಕೊಳ್ಳುತ್ತವೆ. ತಾಯಿ ಅಡುಗೆಮನೆಯಲ್ಲಿ ಎಷ್ಟು ಕೂಗಿದರೂ ಫೋನು ಆಲಿಸುತ್ತಿರುವುದು ಪಕ್ಕದ ಕೋಣೆಯ ಮೈಕ್ರೊಫೋನಿನಿಂದ. ಬಾಗಿಲಲ್ಲಿ ನಿಂತ ಕಾರು, ಕೈಗಡಿಯಾರ, ಟೆಲಿವಿಷನ್ನಿನ ಕೆಳಗಿನ ಸ್ಪೀಕರು, ಇವೆಲ್ಲವೂ ಇದೇ ಚೇಷ್ಟೆಯನ್ನು ಮಾಡಬಲ್ಲವು. ಬ್ಲೂಟೂತನ್ನು ಆರಿಸಿ ಒಮ್ಮೆ ಕರೆ ಮಾಡಿದರೆ ನಿಜ ಹೊರಬೀಳುತ್ತದೆ. ಇಯರ್‌ಫೋನಿನ ತಂತಿಯನ್ನು ಚುಚ್ಚುವ ತೂತುಳ್ಳ ಫೋನುಗಳಲ್ಲಿ ಇದೇ ಕಥೆಯ ಹಳೆಯ ಆವೃತ್ತಿಯೊಂದಿದೆ: ಆ ತೂತಿನಲ್ಲಿ ಜೇಬಿನ ನೂಲಿನ ಉಂಡೆಯೋ ತೇವವೋ ಸೇರಿದರೆ ಇಯರ್‌ಫೋನು ಚುಚ್ಚಿದೆಯೆಂದೇ ಫೋನು ಭ್ರಮಿಸುತ್ತದೆ. ಆಗ ಪರದೆಯ ಮೇಲ್ಭಾಗದಲ್ಲಿ ಇಯರ್‌ಫೋನಿನ ಚಿಕ್ಕ ಚಿತ್ರವೊಂದು ಕಾಣಿಸಿಕೊಳ್ಳುವುದರಿಂದ ಪತ್ತೆಮಾಡುವುದು ಸುಲಭ.

ಅನುಮತಿಯ ವಿಷಯ ಇನ್ನೂ ನವಿರಾದದ್ದು. ಬಳಕೆದಾರರ ಗುಟ್ಟನ್ನು ಕಾಪಾಡಲೆಂದು ೨೦೨೦ರಲ್ಲಿ ಬಂದ ಆಂಡ್ರಾಯ್ಡ್ ೧೧ರಿಂದ ಮುಂದಕ್ಕೆ ಒಂದು ಪದ್ಧತಿಯಿದೆ. ಕೆಲವು ತಿಂಗಳು ತೆರೆಯದೆ ಬಿಟ್ಟ ಆ್ಯಪಿಗೆ ಹಿಂದೆ ಕೊಟ್ಟಿದ್ದ ಅನುಮತಿಗಳನ್ನು ಫೋನು ತಾನಾಗಿಯೇ ಹಿಂದಕ್ಕೆ ಪಡೆಯುತ್ತದೆ. ಹಬ್ಬಕ್ಕೊಮ್ಮೆ ಮಾತ್ರ ವೀಡಿಯೊ ಕರೆಯ ಆ್ಯಪನ್ನು ತೆರೆಯುವ ಮನೆಯಲ್ಲಿ ಇದು ಆಗಿಯೇ ಆಗುತ್ತದೆ. ಆಗ ಅನುಮತಿಯನ್ನು ಕೇಳಿ ಪರದೆಯ ಮೇಲೆ ಮೂಡುವ ಚೌಕಕ್ಕೆ ಗಾಬರಿಯಿಂದ “ಬೇಡ” ಎಂದು ಒತ್ತಿದರೆ ಮುಗಿಯಿತು, ಮುಂದೆ ಮಾತಿಲ್ಲ. ೨೦೨೧ರ ಆಂಡ್ರಾಯ್ಡ್ ೧೨ರಲ್ಲಿ ಮತ್ತೊಂದು ಸೌಕರ್ಯ ಬಂದಿತು: ಪರದೆಯನ್ನು ಮೇಲಿನಿಂದ ಕೆಳಗೆ ಎಳೆದಾಗ ಸಿಗುವ ಗುಂಡಿಗಳ ನಡುವೆ, ಎಲ್ಲ ಆ್ಯಪುಗಳಿಗೂ ಒಂದೇ ಏಟಿಗೆ ಮೈಕ್ರೊಫೋನನ್ನು ಮುಚ್ಚುವ ಗುಂಡಿ. ಮಕ್ಕಳ ಕೈಗೆ ಫೋನನ್ನು ಕೊಟ್ಟು ಹಿಂದಕ್ಕೆ ಪಡೆದ ಮನೆಯವರು ಈ ಗುಂಡಿಯನ್ನು ಮೊದಲು ನೋಡುವುದು ಲೇಸು. ಆ್ಯಪಲ್ ಫೋನಿನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿಯ ವಿಭಾಗವನ್ನು ತೆರೆದರೆ ಯಾವ ಯಾವ ಆ್ಯಪಿಗೆ ಮೈಕ್ರೊಫೋನಿನ ಅನುಮತಿಯಿದೆಯೆಂಬ ಪಟ್ಟಿ ದೊರೆಯುತ್ತದೆ. ಯಾವುದಾದರೊಂದು ಆ್ಯಪು ಮೈಕ್ರೊಫೋನನ್ನು ಬಳಸುತ್ತಿರುವಾಗ ಪರದೆಯ ಮೇಲಂಚಿನಲ್ಲಿ ಒಂದು ಬಣ್ಣದ ಚುಕ್ಕಿ ಹೊತ್ತಿಕೊಳ್ಳುತ್ತದೆ; ಆ್ಯಪಲಿನಲ್ಲಿ ಕಿತ್ತಳೆ, ಆಂಡ್ರಾಯ್ಡಿನಲ್ಲಿ ಹಸುರು. ಯಾರೂ ಮಾತಾಡದಿರುವಾಗಲೂ ಚುಕ್ಕಿ ಹೊತ್ತಿಯೇ ಇದ್ದರೆ ಬೇರಾವುದೋ ಆ್ಯಪು ಮೈಕ್ರೊಫೋನನ್ನು ಹಿಡಿದುಕೊಂಡು ಕುಳಿತಿದೆ; ಅದನ್ನು ಮುಚ್ಚಬೇಕು. ಇವಾವುದೂ ತಿಳಿಯದಿದ್ದರೆ ಫೋನನ್ನು ಒಮ್ಮೆ ಪೂರ್ತಿಯಾಗಿ ಆರಿಸಿ ಹೊತ್ತಿಸುವ ಹಳೆಯ ಉಪಾಯ ಇಲ್ಲಿಯೂ ನಡೆಯುತ್ತದೆ.

ಇನ್ನು ಹೊರಗಿನ ಅಡ್ಡಿಗಳು. ಫೋನನ್ನು ಹೊಸ ಕೇಸಿನಲ್ಲಿ ತೊಡಿಸಿದ ದಿನದಿಂದ ತೊಂದರೆ ಶುರುವಾಯಿತೇ ಎಂದು ನೆನಸಿಕೊಳ್ಳಬೇಕು. ಪರದೆಗೆ ಅಂಟಿಸಿದ ರಕ್ಷಣೆಯ ಗಾಜು ಕೂದಲೆಳೆಯಷ್ಟು ಮೇಲೆ ಸರಿದರೂ ಕಿವಿಯ ಬಳಿಯ ಮೈಕ್ರೊಫೋನ್ ಮುಚ್ಚಿಹೋಗುತ್ತದೆ. ಕೇಸನ್ನು ಕಳಚಿ ಒಮ್ಮೆ ಮುದ್ರಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ. ಫೋನನ್ನು ಹಿಡಿಯುವ ಕ್ರಮವೂ ಗಮನಾರ್ಹ. ದೊಡ್ಡ ಫೋನುಗಳು ಬಂದ ಮೇಲೆ ಕಿರುಬೆರಳನ್ನು ಕೆಳಅಂಚಿಗೆ ಆನಿಸಿ ಭಾರವನ್ನು ಹೊರುವ ಅಭ್ಯಾಸ ಎಲ್ಲರಿಗೂ ಬಂದಿದೆ. ಆ ಬೆರಳು ನೇರವಾಗಿ ಮೈಕ್ರೊಫೋನಿನ ಬಾಯಿಯ ಮೇಲೆಯೇ ಕೂರುತ್ತದೆ. “ಒಮ್ಮೊಮ್ಮೆ ಕೇಳುತ್ತದೆ, ಒಮ್ಮೊಮ್ಮೆ ಇಲ್ಲ” ಎಂಬ ದೂರು ಬಂದರೆ ಯಂತ್ರವನ್ನು ಬಿಚ್ಚುವ ಮೊದಲು ಬೆರಳನ್ನು ಸರಿಸಬೇಕು.

ಕೊಳೆಯ ವಿಚಾರದಲ್ಲಿ ಗೃಹಿಣಿಯರ ಫೋನು ಹೆಚ್ಚು ಕಷ್ಟಕ್ಕೆ ಸಿಗುತ್ತದೆ. ಚಪಾತಿಯ ಹಿಟ್ಟಿನ ಕೈಯಲ್ಲಿ ಫೋನೆತ್ತಬೇಕು, ಒಗ್ಗರಣೆಯ ಹಬೆಯ ಪಕ್ಕದಲ್ಲಿಟ್ಟು ಮಾತಾಡಬೇಕು, ಕೈಚೀಲದಲ್ಲಿ ಕುಂಕುಮದ ಭರಣಿಯ ಜೊತೆಗೆ ಅದನ್ನಿಡಬೇಕು. ಎಣ್ಣೆಯ ಪಸೆಯ ಮೇಲೆ ಹಿಟ್ಟು ಕೂತರೆ ಜಾಲರಿಗೆ ಗಾರೆ ಮೆತ್ತಿದಂತೆಯೇ ಸರಿ. ಇದನ್ನು ಶುಚಿಮಾಡುವುದಕ್ಕೆ ಬೇಕಾದದ್ದು ಮೃದುವಾದ, ಒಣಗಿದ, ಹೊಸ ಹಲ್ಲುಜ್ಜುವ ಬ್ರಷ್ಷು ಮಾತ್ರ. ಫೋನನ್ನು ಆರಿಸಿ, ರಂಧ್ರ ಕೆಳಮುಖವಾಗುವಂತೆ ಹಿಡಿದು, ಅಂಚಿನುದ್ದಕ್ಕೂ ಹಗುರವಾಗಿ ಉಜ್ಜಬೇಕು. ಕೆಳಮುಖವಾಗಿ ಹಿಡಿಯುವುದು ಮುಖ್ಯ. ಇಲ್ಲವಾದರೆ ಬಿಡಿಸಿದ ಕೊಳೆ ಒಳಕ್ಕೇ ಬೀಳುತ್ತದೆ. ಬಾಯಿಂದ ಊದಬಾರದು, ಉಸಿರಿನಲ್ಲಿ ತೇವವಿರುತ್ತದೆ. ಒತ್ತಡದ ಗಾಳಿಯ ಡಬ್ಬಿಯನ್ನು ಬಳಸುವುದು ಇನ್ನೂ ಕೆಟ್ಟದ್ದು: ಪಿಸುಮಾತಿಗೂ ನಡುಗುವ ಪೊರೆಯ ಮೇಲೆ ಬಿರುಗಾಳಿಯನ್ನು ಬಿಟ್ಟಂತೆ. ಧೂಳು ಹೀರುವ ಯಂತ್ರವನ್ನು ಹಚ್ಚುವುದೂ ಅದೇ ಜಾತಿಯ ತಪ್ಪು. ಸ್ಪಿರಿಟ್ಟು, ಸುಗಂಧದ ಎಣ್ಣೆ, ಉಗುರುಬಣ್ಣ ತೆಗೆಯುವ ದ್ರವ ಮುಂತಾದವನ್ನು ರಂಧ್ರಕ್ಕೆ ತೊಟ್ಟಿಕ್ಕಿದರೆ ಅವು ಕೊಳೆಯನ್ನು ಕರಗಿಸಿ ಒಳಕ್ಕೆ ಒಯ್ಯುತ್ತವೆಯೇ ಹೊರತು ಹೊರಕ್ಕೆ ತರುವುದಿಲ್ಲ.

ಮಳೆಯಲ್ಲಿ ನೆನೆದ ಫೋನನ್ನು ಅಕ್ಕಿಯ ಡಬ್ಬದಲ್ಲಿ ಹೂಳುವ ಪದ್ಧತಿ ಮನೆಮನೆಗೂ ಹಬ್ಬಿದೆ. ಅಕ್ಕಿ ತೇವವನ್ನು ಹೀರುವುದಕ್ಕಿಂತ ತನ್ನ ನುಚ್ಚು ಧೂಳುಗಳನ್ನು ಫೋನಿನ ತೂತುಗಳಿಗೆ ಸೇರಿಸುವುದೇ ಹೆಚ್ಚು. ಆ್ಯಪಲ್ ಕಂಪನಿಯೇ ೨೦೨೪ರಲ್ಲಿ ತನ್ನ ಸಲಹೆಯ ಪುಟದಲ್ಲಿ ಹೀಗೆ ಮಾಡಬಾರದೆಂದು ಸ್ಪಷ್ಟವಾಗಿ ಬರೆಯಿತು. ನೆನೆದ ಫೋನಿನ ಚಾರ್ಜಿನ ತೂತನ್ನು ಕೆಳಮುಖ ಮಾಡಿ, ಅಂಗೈಗೆ ಮೆಲ್ಲನೆ ತಟ್ಟಿ ನೀರನ್ನು ಇಳಿಸಿ, ಗಾಳಿಯಾಡುವ ಒಣ ಜಾಗದಲ್ಲಿ ಒಂದು ದಿನ ಬಿಡಬೇಕು. ಅಜ್ಜನ ತಟ್ಟುವ ವಿದ್ಯೆಗೆ ಇಲ್ಲೊಂದು ಕಡೆ ಕೆಲಸ ಉಳಿದಿದೆ. ಬಿಸಿಲಿನಲ್ಲಿಡುವುದೂ ಕೂದಲೊಣಗಿಸುವ ಯಂತ್ರದ ಬಿಸಿಗಾಳಿಯನ್ನು ಬಿಡುವುದೂ ಕೂಡದು. ಹೀಗೆ ನೆನೆದಾಗ ಮಂಕಾದ ಮೈಕ್ರೊಫೋನ್ ಒಣಗಿದ ಮೇಲೆ ತಾನೇ ಸರಿಹೋಗುವುದುಂಟು. ಅದಕ್ಕೆ ಆ ಒಂದು ದಿನದ ಕಾಲವನ್ನು ಕೊಡಲು ತಾಳ್ಮೆಯಿಲ್ಲದೆ ಸೂಜಿಯನ್ನು ಹಿಡಿಯುವುದೇ ದುರಂತ.

ಕಾರ್ಖಾನೆಯ ಸ್ಥಿತಿಗೆ ಫೋನನ್ನು ಒಯ್ಯುವ ಕ್ರಿಯೆಯನ್ನು ಹಲವರು ಪಂಚಗವ್ಯದಂತೆ ಎಲ್ಲ ರೋಗಕ್ಕೂ ಹೇಳುತ್ತಾರೆ. ಮೈಕ್ರೊಫೋನ್ ನಿಜವಾಗಿ ಕೆಟ್ಟಿದ್ದರೆ ಅದರಿಂದ ಏನೂ ಆಗದು. ಮೊಮ್ಮಗುವಿನ ಮೊದಲ ಹೆಜ್ಜೆಯ ಚಿತ್ರಗಳು ಬೇರೆಲ್ಲಿಯೂ ಇಡದಿದ್ದಲ್ಲಿ ಹೋಗಿಬಿಡುತ್ತವೆ, ಅಷ್ಟೇ. ಆ್ಯಪುಗಳ ಮೇಲೆಯೇ ಸಂಶಯವಿದ್ದರೆ ಆಂಡ್ರಾಯ್ಡ್ ಫೋನುಗಳಲ್ಲಿ ಸೇಫ್ ಮೋಡ್ ಎಂಬ ಸೌಮ್ಯವಾದ ದಾರಿಯಿದೆ. ಅದರಲ್ಲಿ ಹೊರಗಿನಿಂದ ಹಾಕಿಕೊಂಡ ಆ್ಯಪುಗಳೆಲ್ಲ ತಾತ್ಕಾಲಿಕವಾಗಿ ನಿದ್ರಿಸುತ್ತವೆ, ಏನೂ ಅಳಿಯುವುದಿಲ್ಲ. ಆಗ ದನಿ ಬಂದರೆ ಇತ್ತೀಚೆಗೆ ಹಾಕಿಕೊಂಡ ಆ್ಯಪುಗಳನ್ನು ಒಂದೊಂದಾಗಿ ತೆಗೆದು ಕಳ್ಳನನ್ನು ಹಿಡಿಯಬಹುದು.

ಇಷ್ಟೆಲ್ಲ ಆದ ಮೇಲೂ ಮೌನ ಮುರಿಯದಿದ್ದರೆ ಫೋನನ್ನು ಬಿಚ್ಚಲೇಬೇಕು. ಅದು ಬಲ್ಲವರ ಕೆಲಸ. ಆದರೂ ಅಂಗಡಿಗೆ ಹೋಗುವವರಿಗೆ ಒಂದೆರಡು ಸಂಗತಿಗಳು ತಿಳಿದಿದ್ದರೆ ಹಣ ಉಳಿಯುತ್ತದೆ. ಅನೇಕ ಫೋನುಗಳಲ್ಲಿ ಕೆಳಗಿನ ಮೈಕ್ರೊಫೋನೂ ಚಾರ್ಜಿನ ತೂತೂ ಒಂದೇ ಚಿಕ್ಕ ಹಲಗೆಯ ಮೇಲೆ ಅಥವಾ ಒಂದೇ ಬಾಗುವ ಪಟ್ಟಿಯ ಮೇಲೆ ಇರುತ್ತವೆ. ಮೈಕ್ರೊಫೋನ್ ಕೆಡುವುದರ ಜೊತೆಗೆ ಚಾರ್ಜ್ ಆಗುವುದೂ ತಡೆತಡೆದು ನಡೆಯುತ್ತಿದ್ದರೆ ಆ ಹಲಗೆಯೇ ಹೋಗಿರುವ ಸಂಭವ ಹೆಚ್ಚು. ಅದನ್ನು ಇಡಿಯಾಗಿ ಬದಲಿಸಬಹುದು. ಮುಖ್ಯ ಹಲಗೆಯನ್ನು ಮುಟ್ಟಬೇಕಾಗಿಲ್ಲ. ಈ ಎರಡು ಲಕ್ಷಣಗಳನ್ನೂ ಒಟ್ಟಿಗೆ ಹೇಳುವ ಗಿರಾಕಿಗೆ “ಮದರ್‌ಬೋರ್ಡು ಹೋಗಿದೆ” ಎಂಬ ಭಾರಿ ವಾಕ್ಯವನ್ನು ಸುಲಭವಾಗಿ ಮಾರಲಾಗದು. ಮೈಕ್ರೊಫೋನೊಂದನ್ನೇ ಬದಲಿಸುವುದಾದರೆ ಅದು ಸೂಕ್ಷ್ಮದರ್ಶಕದ ಅಡಿಯಲ್ಲಿ ಮಾಡುವ ಕೆಲಸ. ಇಂದಿನ ಸೀಸವಿಲ್ಲದ ಬೆಸುಗೆ ಕರಗುವುದು ಸುಮಾರು ೨೧೭ ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಬಿಸಿಗಾಳಿಯನ್ನು ಊದುವಾಗ ಹೊಸ ಮೈಕ್ರೊಫೋನಿನ ಬಾಯೊಳಕ್ಕೆ ಬೆಸುಗೆಯ ಅಂಟು ಹೊಕ್ಕರೆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಒಳ್ಳೆಯ ಕೆಲಸಗಾರ ಅದಕ್ಕೆಂದೇ ನಿಧಾನಿಸುತ್ತಾನೆ. ಹತ್ತು ನಿಮಿಷದಲ್ಲಿ ಕೊಡುತ್ತೇನೆ ಎನ್ನುವವನಿಗಿಂತ ಸಂಜೆ ಬನ್ನಿ ಎನ್ನುವವನು ಮೇಲು.

ಮೈಕ್ರೊಫೋನ್ ಚೆನ್ನಾಗಿದ್ದೂ ಫೋನು ಮೂಕವಾದ ಪ್ರಸಿದ್ಧ ಪ್ರಸಂಗವೊಂದಿದೆ. ೨೦೧೬ರಲ್ಲಿ ಹೊರಬಂದ ಐಫೋನ್ ೭ ಮತ್ತು ೭ ಪ್ಲಸ್‌ಗಳಲ್ಲಿ ಕೆಲವು, ಬಳಸುತ್ತ ಬಳಸುತ್ತ ದನಿ ಕಳೆದುಕೊಂಡವು. ಮುದ್ರಣದ ಆ್ಯಪು ಕೆಲಸ ಮಾಡುತ್ತಿರಲಿಲ್ಲ. ಕರೆಯ ನಡುವೆ ಸ್ಪೀಕರಿನ ಗುಂಡಿ ಮಸುಕಾಗಿ ಒತ್ತಲು ಬಾರದಂತಿರುತ್ತಿತ್ತು. ಮೈಕ್ರೊಫೋನನ್ನು ಬದಲಿಸಿದವರಿಗೆ ಪ್ರಯೋಜನವಾಗಲಿಲ್ಲ. ರಿಪೇರಿ ಮಾಡುವವರು ಕಂಡುಕೊಂಡಂತೆ, ಧ್ವನಿಯನ್ನು ಸಂಸ್ಕರಿಸುವ ಚಿಪ್ಪು ಮುಖ್ಯ ಹಲಗೆಯಿಂದ ಸಡಿಲವಾಗಿದ್ದೇ ಮೂಲಕಾರಣ. ಅಮೆರಿಕದಲ್ಲಿ ಬಳಕೆದಾರರು ನ್ಯಾಯಾಲಯಕ್ಕೆ ಹೋದರು. ತಪ್ಪನ್ನು ಒಪ್ಪಿಕೊಳ್ಳದೆಯೇ ಕಂಪನಿ ಮೂರೂವರೆ ಕೋಟಿ ಡಾಲರುಗಳ ರಾಜಿಗೆ ಒಪ್ಪಿತು. ೨೦೨೪ರಲ್ಲಿ ಅಲ್ಲಿನ ಬಳಕೆದಾರರು ಅದರಿಂದ ತಮ್ಮ ಪಾಲನ್ನು ಕೇಳಿ ಅರ್ಜಿ ಹಾಕಿಕೊಂಡರು. ಹಳೆಯ ಐಫೋನ್ ೭ ಇನ್ನೂ ಮನೆಯಲ್ಲಿದ್ದು ಈ ಲಕ್ಷಣಗಳನ್ನು ತೋರಿದರೆ ಮೈಕ್ರೊಫೋನಿಗೆ ದುಡ್ಡು ಸುರಿಯುವುದು ವ್ಯರ್ಥ.

ರಿಪೇರಿಗಿಂತ ಅಗ್ಗವಾದ ಮಾರ್ಗವೊಂದು ಎಲ್ಲರ ಕಣ್ಣೆದುರಿಗೇ ಇದ್ದೂ ಹೊಳೆಯುವುದಿಲ್ಲ. ಮೈಕ್ರೊಫೋನಿರುವ ತಂತಿಯ ಇಯರ್‌ಫೋನನ್ನು ಚುಚ್ಚಿದರೆ ಫೋನು ತನ್ನ ಕೆಟ್ಟ ಮೈಕ್ರೊಫೋನನ್ನು ಬಿಟ್ಟು ಅದರದನ್ನು ಬಳಸುತ್ತದೆ. ಹಳೆಯ ಫೋನಿಗೆ ಸಾವಿರಗಟ್ಟಲೆ ಸುರಿಯಲು ಮನಸ್ಸಿಲ್ಲದವರಿಗೂ ಅಂಗಡಿಗೆ ಹೋಗಲಾರದ ವೃದ್ಧರಿಗೂ ಇದೇ ಸಾಕು. ರಿಪೇರಿಯಾಗುವವರೆಗೆ ರಾತ್ರಿ ಹಾಸಿಗೆಯ ಪಕ್ಕದಲ್ಲಿ ಇಂತಹದೊಂದು ಇದ್ದರೆ ೧೧೨ರ ಚಿಂತೆಯೂ ಇರದು.

ಫೋನನ್ನು ಅಂಗಡಿಯಲ್ಲಿ ಬಿಡುವ ಮೊದಲು ಚಿತ್ರಗಳ ಪ್ರತಿಯನ್ನು ಬೇರೆಡೆ ಇಟ್ಟು, ಸಿಮ್ಮನ್ನು ತೆಗೆದುಕೊಂಡು ಹೋಗತಕ್ಕದ್ದು. ಮೈಕ್ರೊಫೋನನ್ನು ರಿಪೇರಿ ಮಾಡುವವನಿಗೆ ಬ್ಯಾಂಕಿನ ಸಂದೇಶಗಳು ಕಾಣಬೇಕಾದ ಕಾರಣವಿಲ್ಲ. ಸ್ಯಾಮ್‌ಸಂಗ್ ಫೋನುಗಳಲ್ಲಿ ೨೦೨೨ರಿಂದೀಚೆಗೆ ಮೇಂಟೆನನ್ಸ್ ಮೋಡ್ ಎಂಬ ಏರ್ಪಾಡು ಬಂದಿದೆ. ಗೂಗಲಿನ ಪಿಕ್ಸೆಲ್ ಫೋನುಗಳಿಗೆ ೨೦೨೩ರಲ್ಲಿ ಅಂತಹುದೇ ಒಂದು ಬಂದಿತು. ಅದನ್ನು ಹಾಕಿಕೊಟ್ಟರೆ ಕೆಲಸಗಾರ ಫೋನಿನ ಅಂಗಗಳನ್ನೆಲ್ಲ ಪರೀಕ್ಷಿಸಬಲ್ಲ, ಒಡೆಯರ ಚಿತ್ರವನ್ನಾಗಲಿ ಪತ್ರವನ್ನಾಗಲಿ ನೋಡಲಾರ. ಗುಪ್ತಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೆ ಅಂಟಿಸಿ ಕೊಡುವ ಪದ್ಧತಿ ಇನ್ನಾದರೂ ನಿಲ್ಲಬೇಕು.

ಫೋನು ಕೈಗೆ ಮರಳಿದ ಮೇಲೆ ಹಣವನ್ನು ಎಣಿಸುವ ಮೊದಲು ಮನೆಯಲ್ಲಿ ಮಾಡಿದ್ದ ಪರೀಕ್ಷೆಗಳನ್ನೆಲ್ಲ ಅಲ್ಲಿಯೇ ಮತ್ತೆ ಮಾಡಬೇಕು: ಒಂದು ಮುದ್ರಣ, ಎರಡು ವೀಡಿಯೊ, ಕಿವಿಗೆ ಹಿಡಿದು ಒಂದು ಕರೆ, ಸ್ಪೀಕರು ಹಾಕಿ ಒಂದು ಕರೆ. ಅಂಗಡಿಯವರು ಸಾಮಾನ್ಯವಾಗಿ ಸ್ಪೀಕರು ಹಾಕಿ ಒಂದು ಕರೆಯನ್ನಷ್ಟೇ ಮಾಡಿ ತೋರಿಸುತ್ತಾರೆ. ಕೆಳಗಿನ ಮೈಕ್ರೊಫೋನ್ ಕೆಟ್ಟಿದ್ದರೂ ಆ ಕರೆಯಲ್ಲಿ ಮಾತು ಹೋಗಬಹುದೆಂಬುದನ್ನು ಮರೆಯಬಾರದು. ಅಂಗಡಿಯ ಸಾಲುಗಳಲ್ಲಿ ಗದ್ದಲ ವಿಪರೀತವಾಗಿರುವುದರಿಂದ ನಾಲ್ಕು ಹೆಜ್ಜೆ ಆಚೆಗೆ, ಮೆಟ್ಟಿಲಿನ ಮೂಲೆಗೋ ಗೋಡೆಯ ಮರೆಗೋ ಹೋಗಿ ಮಾತಾಡಬೇಕು. ಕರೆಯನ್ನು ಯಾರಿಗೆ ಮಾಡಬೇಕೆಂಬ ಯೋಚನೆ ಬೇಡ. ಎರಡು ದಿನದಿಂದ “ಹಲೋ, ಹಲೋ” ಎಂದು ಕೂಗುತ್ತಿದ್ದವರು ಇದ್ದೇ ಇದ್ದಾರೆ.